ಬಾಯ್ಲರ್ ಕಂಟ್ರೋಲರ್: ವೆದರ್ ಮೋಡ್‌ಗೆ ಫುಲ್ ಮಾರ್ಕ್ಸ್, ಮೆನುವಿಗೆ ಸೊನ್ನೆ

ಮೊದಲು ಬೈಯುವುದನ್ನು ಬೈದು ಮುಗಿಸುತ್ತೇನೆ. ಮನೆ ಬೆಚ್ಚಗಿಡಲು ಕೋಣೆಗಳ ರೇಡಿಯೇಟರ್‌ಗಳಿಗೆ (ಬಿಸಿನೀರು ಹರಿಯುವ ಲೋಹದ ಫಲಕಗಳಿಗೆ) ನೀರು ಕಾಯಿಸಿ ಕಳಿಸುವುದು ಗ್ಯಾಸ್ ಬಾಯ್ಲರ್; ಯಾವಾಗ, ಎಷ್ಟು ಕಾಯಿಸಬೇಕು ಅಂತ ಅದಕ್ಕೆ ಹೇಳುವುದು ಈ ಕಂಟ್ರೋಲರ್. ಇದರಲ್ಲಿ ಕೊಟ್ಟ ದುಡ್ಡು ನಿಜವಾಗಿ ಸಾರ್ಥಕ ಅನಿಸುವ ಸೌಲಭ್ಯ ಒಂದೇ ಒಂದು, ವೆದರ್ ಮೋಡ್. ಅದನ್ನು ಕಂಪನಿಯವರು ಇನ್‌ಸ್ಟಾಲರ್ ಮೆನುವಿನೊಳಗೆ, ಕೋಡ್ ಹಾಕಿದರೆ ಮಾತ್ರ ತೆರೆಯುವ ಜಾಗದಲ್ಲಿ ಬಚ್ಚಿಟ್ಟಿದ್ದಾರೆ. ಬಾಕ್ಸ್ ಮೇಲೆ ದೊಡ್ಡದಾಗಿ ಇರುವುದು ವೈಫೈ, ಆಪ್, ಬಣ್ಣದ ಸ್ಕ್ರೀನ್. ಅವೆಲ್ಲ ನೀವು ನೋಡಿರುತ್ತೀರಿ, ಬಿಡಿ. ಕೆಲವು ಚಳಿಗಾಲ ಇದರ ಜೊತೆ ಕಳೆದ ಮೇಲೆ ನನಗೆ ಮುಖ್ಯ ಅನಿಸಿದ್ದು ಕಂಟ್ರೋಲ್ ಮೋಡ್ ಮಾತ್ರ.

ಫಿಟ್ ಮಾಡಲು ಬಂದವರು ಇದನ್ನು ಆನ್-ಆಫ್ ಮೋಡ್‌ನಲ್ಲೇ ಬಿಟ್ಟು ಹೋದರು. ರೂಮ್ ತಣ್ಣಗಾದರೆ ಬಾಯ್ಲರ್ ಆನ್, ಪೈಪಿಗೆ 75 ಡಿಗ್ರಿಯ ನೀರು. ಬೆಚ್ಚಗಾದರೆ ಆಫ್. ಕೆಲಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ರೇಡಿಯೇಟರ್ ಮೇಲೆ ಕೈ ಇಡಲಾಗದು, ಸ್ವಲ್ಪ ಹೊತ್ತಿಗೆ ನೋಡಿದರೆ ತಣ್ಣಗೆ ಬಿದ್ದಿರುತ್ತದೆ. ಪೈಪ್‌ಗಳು ಹಿಗ್ಗಿ ಕುಗ್ಗಿ ರಾತ್ರಿಯೆಲ್ಲ ಟಕ್ ಟಕ್.

ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ನನ್ನದು ಕಂಡೆನ್ಸಿಂಗ್ ಬಾಯ್ಲರ್. ಹೊಗೆಯಲ್ಲಿರುವ ನೀರಾವಿ ಬಾಯ್ಲರ್ ಒಳಗೇ ನೀರಾದರೆ ಅದರ ಶಾಖವೂ ನಮಗೇ ಸಿಗುತ್ತದೆ. ಅದಕ್ಕೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಇನ್ನೂ ತಣ್ಣಗಿದ್ದರೆ ಇನ್ನೂ ಒಳ್ಳೆಯದು. 75ರಲ್ಲಿ ಕಳಿಸಿದರೆ ವಾಪಸ್ ಬರುವುದು 60ರ ಆಚೀಚೆ. ಕಂಡೆನ್ಸಿಂಗ್ ಅಂತ ಜಾಸ್ತಿ ಬೆಲೆ ಕೊಟ್ಟು ಕೊಂಡು, ಅದರ ಲಾಭ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು. ಗ್ಯಾಸ್ ಬಿಲ್ ಬಂದರೆ ಮೀಟರ್ ಮುಂದೆ ನಿಂತು ತಾಳೆ ನೋಡುವ ಮನುಷ್ಯ ನಾನು. ಸುಮ್ನೆ ಇರಲು ಆಗಲಿಲ್ಲ.

ಮೆನುವಿನಲ್ಲಿ ಮೋಡ್‌ಗಳಿಗೆ ಹೆಸರೇ ಇಲ್ಲ. 0, 1, 2 ಅಷ್ಟೇ. 0 ಅಂದರೆ ಆನ್-ಆಫ್. 1 ರೂಮ್ ಮೋಡ್: ರೂಮ್ ಎಷ್ಟು ತಣ್ಣಗಿದೆ ನೋಡಿ ನೀರಿನ ಬಿಸಿ ಏರಿಸಿ ಇಳಿಸುತ್ತದೆ. 2 ವೆದರ್ ಮೋಡ್: ಹೊರಗಿನ ಚಳಿ ನೋಡಿ ನೀರಿನ ಬಿಸಿ ನಿರ್ಧರಿಸುತ್ತದೆ. ಇದಕ್ಕೆ ಹೊರಗೋಡೆಯಲ್ಲಿ ಬಿಸಿಲು ಬೀಳದ ಕಡೆ ಒಂದು ಸೆನ್ಸರ್ ಬೇಕು. ಕಿಟಕಿಯ ಮೇಲೆ, ಹೊಗೆ ಕೊಳವೆಯ ಹತ್ತಿರ ಹಾಕಿದರೆ ಅದು ಸುಳ್ಳು ಹೇಳುತ್ತದೆ. ಅದೇ ಮೆನುವಿನಲ್ಲಿ ಬರ್ನರ್ ಸೆಟ್ಟಿಂಗ್‌ಗಳೂ ಇವೆ. ಅವುಗಳ ತಂಟೆಗೆ ಹೋಗಬೇಡಿ, ಅದು ಲೈಸೆನ್ಸ್ ಇರುವವರ ಕೆಲಸ.

2ಕ್ಕೆ ಹಾಕಿದರೂ ವಾರಗಟ್ಟಲೆ ಏನೂ ಬದಲಾಗಲಿಲ್ಲ. ಕಾರಣ ಇನ್ನೊಂದು ಪುಟದಲ್ಲಿತ್ತು. ರೂಮ್ ಪ್ರಭಾವ, ಅಂದರೆ ರೂಮಿನ ಬಿಸಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವ ಸೆಟ್ಟಿಂಗ್, ಫ್ಯಾಕ್ಟರಿಯಿಂದಲೇ ತೀರಾ ಮೇಲಿತ್ತು. ಹಾಲ್‌ಗೆ ಸ್ವಲ್ಪ ಬಿಸಿಲು ಬಂದರೆ ಸಾಕು, ಇಡೀ ಮನೆಯ ನೀರು ತಣ್ಣಗೆ. ಅದನ್ನು ಕಡಿಮೆ ಮಾಡಿ, ಕಂಟ್ರೋಲರ್ ಇರುವ ರೂಮಿನ ರೇಡಿಯೇಟರ್ ವಾಲ್ವ್ ಪೂರ್ತಿ ತೆರೆದ ಮೇಲೆ ನನ್ನ ಸಿಟ್ಟು ಇಳಿಯಿತು.

ಈಗ ಬೆಳಗ್ಗೆ ಎದ್ದ ಕೂಡಲೇ ಸ್ಕ್ರೀನ್‌ನಲ್ಲಿ ಎರಡು ಅಂಕಿ ನೋಡುವುದು ನನ್ನ ಚಟ. ಹೊರಗೆ 10 ಡಿಗ್ರಿ ಇದ್ದರೆ ನೀರು 36. ಹೊರಗೆ 0 ಆದರೆ 47. ಆಮೇಲೆ ಹಾಲ್‌ನ ರೇಡಿಯೇಟರ್ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಸುಡುವುದಿಲ್ಲ, ಮಲಗಿದ್ದ ಬೆಕ್ಕಿನ ಬೆನ್ನಿನ ಹಾಗೆ ಬೆಚ್ಚಗಿರುತ್ತದೆ. ಸದ್ದಿಲ್ಲ. ಮೂಲೆಯ ಕೋಣೆಗೂ ಹಾಲ್‌ಗೂ ಇದ್ದ ವ್ಯತ್ಯಾಸ ಬಹುತೇಕ ಹೋಗಿದೆ. ಬಿಲ್ ಇಳಿಯುತ್ತದೆ ಅಂತ ಕಾದಿದ್ದೆ, ಇಳಿಯಿತು. ಇಷ್ಟು ಹಿತವಾಗಿರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಹೀಟಿಂಗ್ ಕರ್ವ್, ಅಂದರೆ ಹೊರಗೆ ಚಳಿ ಹೆಚ್ಚಿದಂತೆ ನೀರಿನ ಬಿಸಿ ಎಷ್ಟು ಏರಬೇಕು ಅನ್ನುವ ಲೆಕ್ಕ, ಹೊಂದಿಸಲು ತಾಳ್ಮೆ ಬೇಕು. ನನ್ನದು 1.5ರಲ್ಲಿ ಇತ್ತು, ಈಗ 1.2. ಕೊರೆಯುವ ಚಳಿಯಲ್ಲಿ ಮಾತ್ರ ಮನೆ ತಣ್ಣಗಿದ್ದರೆ ಕರ್ವ್ ಏರಿಸಿ. ಹದವಾದ ಚಳಿಯಲ್ಲೂ ತಣ್ಣಗಿದ್ದರೆ ಕರ್ವ್ ಬಿಟ್ಟು ಶಿಫ್ಟ್ ಏರಿಸಿ, ಅದು ಎಲ್ಲ ಹವೆಯಲ್ಲೂ ನೀರಿನ ಬಿಸಿಯನ್ನು ಒಂದೇ ಸಮ ಏರಿಸುತ್ತದೆ. ಕರ್ವ್ ಆದರೆ ಒಂದು ಸಲಕ್ಕೆ 0.1 ಸಾಕು. ಗೋಡೆಗಳು ನಿಧಾನ, ಒಂದೆರಡು ದಿನ ಬಿಟ್ಟು ನೋಡಿ. ರಾತ್ರಿ ತಾಪಮಾನವನ್ನು ಜಾಸ್ತಿ ಇಳಿಸಬೇಡಿ. 40 ಡಿಗ್ರಿಯ ನೀರಿನಿಂದ ತಣ್ಣಗಾದ ಮನೆ ಬೇಗ ಬೆಚ್ಚಗಾಗುವುದಿಲ್ಲ. ನಾನು 2 ಡಿಗ್ರಿ ಇಳಿಸುತ್ತೇನೆ, ಅಷ್ಟೇ. ದಿನವೆಲ್ಲ ಹೊರಗಿದ್ದು ಸಂಜೆ ಬಂದ ಕೂಡಲೇ ಬಿಸಿ ಬೇಕು ಅನ್ನುವವರಿಗೆ ಈ ಮೋಡ್ ಹಿಡಿಸಲಿಕ್ಕಿಲ್ಲ. ಅವರಿಗೆ 1 ಸಾಕು.

ಇಷ್ಟು ಹೊಗಳಿದ್ದಕ್ಕೆ ಚಳಿ ಮುಗಿಯುವ ಕಾಲ ಬಂದರೆ ಮತ್ತೆ ಕಿರಿಕಿರಿ. ನನ್ನ 24 ಕಿಲೋವ್ಯಾಟ್ ಬಾಯ್ಲರ್ 5 ಕಿಲೋವ್ಯಾಟ್‌ಗಿಂತ ಕಡಿಮೆ ಉರಿಯಲಾರದು. ಆಗ ಮನೆಗೆ ಬೇಕಾದದ್ದು ಅದರ ಅರ್ಧವೂ ಇಲ್ಲ. ಹಾಗಾಗಿ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಮತ್ತೆ ಹೊತ್ತುವ ಮುಂಚೆ ಕಾಯುವ ಸಮಯವನ್ನು ಹೆಚ್ಚಿಸಿದೆ, ಸ್ವಲ್ಪ ಸುಧಾರಿಸಿತು. ಪೂರ್ತಿ ಹೋಗಿಲ್ಲ. ಇದು ಕಂಟ್ರೋಲರ್ ತಪ್ಪಲ್ಲ, ಬಾಯ್ಲರ್ ಮನೆಗಿಂತ ದೊಡ್ಡದು. ಆದರೂ ಆ ಸದ್ದು ಕೇಳಿದಾಗ ಬೈಸಿಕೊಳ್ಳುವುದು ಕಂಟ್ರೋಲರ್ರೇ.

ಬಿಸಿನೀರಿನ ವಿಷಯದಲ್ಲಿ ದೂರಿಲ್ಲ. ಸಿಲಿಂಡರ್‌ಗೆ, ಅಂದರೆ ನಲ್ಲಿಗೆ ಬರುವ ಬಿಸಿನೀರಿನ ಟ್ಯಾಂಕಿಗೆ, ಆದ್ಯತೆ ಕೊಡುವ ಮೋಡ್ ಇದೆ. ಆ ಹೊತ್ತಿಗೆ ರೇಡಿಯೇಟರ್ ನಿಲ್ಲಿಸಿ, ಸಿಲಿಂಡರ್ ನೀರನ್ನು 60ಕ್ಕೆ ಏರಿಸಿ, ಮತ್ತೆ ಕರ್ವ್‌ಗೆ ಮರಳುತ್ತದೆ. ಶ್ವಾಸಕೋಶದ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಾರದು ಅಂದರೆ ಆ 60 ಬೇಕೇ ಬೇಕು. ಉಳಿತಾಯದ ಆಸೆಗೆ ಅದನ್ನು ಇಳಿಸಬೇಡಿ.

ಕೊಳ್ಳುವ ಮುಂಚೆ ಒಂದನ್ನು ಖಚಿತ ಮಾಡಿಕೊಳ್ಳಿ. ಬಾಯ್ಲರ್ ಮತ್ತು ಕಂಟ್ರೋಲರ್ ಎರಡೂ ಓಪನ್‌ಥರ್ಮ್ ಎಂಬ, ಹಲವು ಕಂಪನಿಗಳು ಬಳಸುವ ಡಿಜಿಟಲ್ ಭಾಷೆಯಲ್ಲಿ ಅಥವಾ ಬಾಯ್ಲರ್ ಕಂಪನಿಯ ಸ್ವಂತ ಡಿಜಿಟಲ್ ಭಾಷೆಯಲ್ಲಿ ಮಾತಾಡುತ್ತವೆಯೇ ಅಂತ ಕೇಳಿ. ಇಲ್ಲವಾದರೆ ಕಂಟ್ರೋಲರ್ ಎಷ್ಟೇ ದುಬಾರಿಯದಾದರೂ ನಿಮಗೆ ಸಿಗುವುದು ಆ 0 ಮೋಡ್ ಮಾತ್ರ. ಅಂಗಡಿಯವರು ತಾವಾಗಿ ಇದನ್ನು ಹೇಳುವುದಿಲ್ಲ.