ನಾಲ್ಕು ವರ್ಷ ಸ್ಕ್ರೇಪಿ ಬಳಸಿದ ಮೇಲೆ: ಕನ್ನಡ ಪುಸ್ತಕ ಮಾರುವವನೊಬ್ಬನ ಅನುಭವ

ನನ್ನದು ಕನ್ನಡ ಪುಸ್ತಕಗಳ ಸಣ್ಣ ಆನ್‌ಲೈನ್ ವ್ಯಾಪಾರ. ದೊಡ್ಡ ಮಾರಾಟ ತಾಣಗಳಲ್ಲಿ ಒಂದೇ ಪುಸ್ತಕವನ್ನು ನಾಲ್ಕೈದು ಜನ ಮಾರುತ್ತಿರುತ್ತಾರೆ, ಬೆಲೆ ಆಗಾಗ ಏರಿಳಿಯುತ್ತದೆ, ಕೆಲವು ಸಲ 150 ರೂಪಾಯಿ ಮುಖಬೆಲೆಯ ಪುಸ್ತಕ 600ಕ್ಕೆ ಕೂತಿರುತ್ತದೆ. ಇದನ್ನೆಲ್ಲ ಒಂದೊಂದಾಗಿ ನೋಡಿ ಎಕ್ಸೆಲ್‌ಗೆ ಹಾಕುತ್ತಿದ್ದೆ. ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತಿತ್ತು. ತಿಂಗಳಿಗೆ ಹಣ ಕಟ್ಟಿ, ಪುಟದ ಮೇಲೆ ಕ್ಲಿಕ್ ಮಾಡಿ ಮಾಹಿತಿ ಎಳೆಯುವ ಒಂದು ಸಾಫ್ಟ್‌ವೇರ್ ಕೂಡ ಬಳಸಿದೆ, ಪುಟದ ವಿನ್ಯಾಸ ಸ್ವಲ್ಪ ಬದಲಾದರೂ ಅದು ಖಾಲಿ ಕಾಲಂ ಕೊಡುತ್ತಿತ್ತು. ಹಾಗೆ ಸ್ಕ್ರೇಪಿಗೆ ಬಂದೆ.

ಸ್ಕ್ರೇಪಿ ಅಂದರೆ ವೆಬ್ ಪುಟಗಳಿಂದ ಮಾಹಿತಿ ಎಳೆದು ತರುವ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಓಪನ್ ಸೋರ್ಸ್ ಸಾಧನ. 2008ರಿಂದ ಇದೆ, ಪೂರ್ತಿ ಉಚಿತ. ಇದರಲ್ಲಿ ಬಟನ್ ಒತ್ತುವುದು ಏನೂ ಇಲ್ಲ, ಕೋಡ್ ಬರೆಯಲೇಬೇಕು. ಯಾವ ಪುಟಕ್ಕೆ ಹೋಗಬೇಕು, ಅಲ್ಲಿ ಏನು ಎತ್ತಿಕೊಳ್ಳಬೇಕು ಅಂತ ಹೇಳುವ ಕೋಡ್‌ಗೆ ಸ್ಪೈಡರ್ ಅನ್ನುತ್ತಾರೆ. ನನಗೆ ಪೈಥಾನ್ ಅಷ್ಟಾಗಿ ಬರುತ್ತಿರಲಿಲ್ಲ. ಕಲಿಯುವವರಿಗಾಗಿಯೇ ‘ಬುಕ್ಸ್ ಟು ಸ್ಕ್ರೇಪ್’ ಅಂತ ಒಂದು ನಕಲಿ ಪುಸ್ತಕದಂಗಡಿ ತಾಣ ಇದೆ, 50 ಪುಟಗಳಲ್ಲಿ 1000 ಪುಸ್ತಕ. ಅದರ ಮೇಲೆ ಎರಡು ವಾರ ಕೈ ಪಳಗಿಸಿಕೊಂಡೆ. ಹೊಸಬರು ಅಲ್ಲೇ ಶುರು ಮಾಡಿ, ನಿಜವಾದ ಅಂಗಡಿಯ ಮೇಲೆ ಪ್ರಯೋಗ ಮಾಡಬೇಡಿ.

ಆ ಮಾತು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಶುರು ಮಾಡಿದಾಗಿನ ಆವೃತ್ತಿಯಲ್ಲಿ, ಏನೂ ಬದಲಾಯಿಸದೆ ಓಡಿಸಿದರೆ ಒಂದೇ ತಾಣಕ್ಕೆ ಒಟ್ಟಿಗೆ 8 ಕೋರಿಕೆ ಹೋಗುತ್ತಿದ್ದವು, ನಡುವೆ ಬಿಡುವೇ ಇರುತ್ತಿರಲಿಲ್ಲ. ಮೊದಲ ದಿನ ಹಾಗೇ ಬಿಟ್ಟೆ. ಸ್ವಲ್ಪ ಹೊತ್ತಿಗೆ 429 ಎಂಬ ದೋಷ ಸಂಕೇತ ಬರತೊಡಗಿತು, ಅಂದರೆ ‘ಜಾಸ್ತಿ ಕೇಳುತ್ತಿದ್ದೀಯ’ ಅಂತ ಸರ್ವರ್ ಹೇಳುತ್ತಿದೆ. ಆಮೇಲೆ 503, ಅಂದರೆ ‘ಈಗ ಸೇವೆ ಕೊಡಲು ಆಗದು’. ಎರಡು ದಿನ ಮನೆಯ ಇಂಟರ್‌ನೆಟ್‌ನಿಂದ ಆ ತಾಣವೇ ತೆರೆಯಲಿಲ್ಲ. ತಪ್ಪು ನನ್ನದೇ. ಈಗ ಒಂದು ಸಲಕ್ಕೆ ಒಂದೇ ಕೋರಿಕೆ, ನಡುವೆ 5 ಸೆಕೆಂಡ್ ಬಿಡುವು. ಆಟೋಥ್ರಾಟಲ್ ಕೂಡ ಆನ್ ಇದೆ, ಸರ್ವರ್ ನಿಧಾನವಾದರೆ ಅದೂ ನಿಧಾನವಾಗುತ್ತದೆ. 1200 ಪುಟಕ್ಕೆ ಸುಮಾರು ನೂರು ನಿಮಿಷ ಹಿಡಿಯುತ್ತದೆ. ಶನಿವಾರ ರಾತ್ರಿ ಬಿಟ್ಟು ಮಲಗಿದರೆ ಆಯಿತು, ಅವಸರ ಏನಿದೆ? ಸ್ಪೈಡರ್ ಬರೆಯುವಾಗ ಎಚ್‌ಟಿಟಿಪಿ ಕ್ಯಾಶ್ ಆನ್ ಮಾಡಿಕೊಳ್ಳಿ. ಒಮ್ಮೆ ತಂದ ಪುಟ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಹತ್ತು ಸಲ ಪರೀಕ್ಷೆ ಮಾಡಿದರೂ ಸರ್ವರ್‌ಗೆ ತೊಂದರೆ ಇಲ್ಲ.

ಬೆಲೆ ಎತ್ತಲು ಮೊದಮೊದಲು ಪುಟದ ವಿನ್ಯಾಸಕ್ಕಾಗಿ ಕೊಟ್ಟಿರುವ ಸಿಎಸ್‌ಎಸ್ ಕ್ಲಾಸ್ ಹೆಸರುಗಳನ್ನು ನಂಬಿದ್ದೆ. ಅವು ಯಾವಾಗ ಬೇಕಾದರೂ ಬದಲಾಗುತ್ತವೆ. ಎಷ್ಟೋ ಅಂಗಡಿಗಳು ಸರ್ಚ್ ಎಂಜಿನ್‌ಗಳಿಗಾಗಿ ಪುಟದೊಳಗೇ ಜೇಸನ್ ಎಲ್‌ಡಿ ಎಂಬ ಅಚ್ಚುಕಟ್ಟಾದ ರೂಪದಲ್ಲಿ ಹೆಸರು, ಬೆಲೆ, ಸ್ಟಾಕ್ ಎಲ್ಲ ಬರೆದಿಟ್ಟಿರುತ್ತವೆ. ಮೊದಲು ಅದನ್ನು ಹುಡುಕಿ. ನನ್ನ ಒಂದು ಸ್ಪೈಡರ್ ಹಾಗೆ ಎರಡು ವರ್ಷದಿಂದ ಮುಟ್ಟದೆ ನಡೆಯುತ್ತಿದೆ.

ಆದರೆ ನನ್ನ ನಿಜವಾದ ಸಮಯ ಹೋಗಿದ್ದು ಕನ್ನಡಕ್ಕೆ. ಸ್ಪೈಡರ್ ಬರೆದುಕೊಟ್ಟ ಜೇಸನ್ ಫೈಲ್ ತೆರೆದರೆ ಪುಸ್ತಕದ ಹೆಸರಿನ ಜಾಗದಲ್ಲಿ ಬರೀ ಸಂಕೇತಗಳ ಸಾಲು. ಎಕ್ಸ್‌ಪೋರ್ಟ್ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿಗೆ ಬರೆಯುವ ರೀತಿ) ಯುಟಿಎಫ್ 8 ಅಂತ ಕೊಟ್ಟರೆ ಸರಿಯಾಗುತ್ತದೆ, ಈಗಿನ ಹೊಸ ಪ್ರಾಜೆಕ್ಟ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಮತ್ತೆ ಅಕ್ಷರ ಕೆಡುತ್ತದೆ, ಅದಕ್ಕೆ ಎನ್‌ಕೋಡಿಂಗ್ ಯುಟಿಎಫ್ 8 ಸಿಗ್ ಅಂತ ಕೊಡಬೇಕು. ಪುಸ್ತಕದ ಗುರುತು ಸಂಖ್ಯೆಯಾದ 13 ಅಂಕಿಯ ಐಎಸ್‌ಬಿಎನ್ ಕಾಲಂ ಅನ್ನು ಎಕ್ಸೆಲ್‌ಗೆ ತರುವಾಗ ಟೆಕ್ಸ್ಟ್ ಅಂತ ಹೇಳಿ, ಇಲ್ಲದಿದ್ದರೆ 9.78 ಅಂತ ಮುದುಡಿಕೊಳ್ಳುತ್ತದೆ.

ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ‘ಕೊ’ ಅನ್ನುವ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸ್ವರಚಿಹ್ನೆಯಾಗಿ, ಅಥವಾ ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇನ್ನು ‘ಸೂರ್ಯ’ವನ್ನು ಕೆಲವರು ಅರ್ಕಾವೊತ್ತಿನಲ್ಲಿ ಬರೆಯುತ್ತಾರೆ, ಕೆಲವರು ರ-ಕಾರಕ್ಕೆ ಯ-ಒತ್ತು ಕೊಡುತ್ತಾರೆ, ಆಗ ನಡುವೆ ಕಾಣದ ಜೋಡಕ ಅಕ್ಷರ ಸೇರಿಕೊಳ್ಳುತ್ತದೆ. ಒಂದೇ ಪುಸ್ತಕ ನನ್ನ ಪಟ್ಟಿಯಲ್ಲಿ ಮೂರು ಸಲ ಬರುತ್ತಿದ್ದದ್ದು ಏಕೆ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಈಗ ಪೈಪ್‌ಲೈನ್‌ನಲ್ಲಿ (ಎಳೆದ ಮಾಹಿತಿಯನ್ನು ಉಳಿಸುವ ಮೊದಲು ಸರಿಪಡಿಸುವ ಹಂತ) ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತಂದು, ಕಾಣದ ಅಕ್ಷರಗಳನ್ನು ತೆಗೆದು, ಆಮೇಲೆ ಹೋಲಿಸುತ್ತೇನೆ. ಈ ಪೈಪ್‌ಲೈನ್ ಇರುವುದಕ್ಕೇ ನಾನು ಸ್ಕ್ರೇಪಿ ಬಿಟ್ಟಿಲ್ಲ. ಇಂಥದ್ದನ್ನು ಕ್ಲಿಕ್ ಸಾಫ್ಟ್‌ವೇರ್‌ನಲ್ಲಿ ಮಾಡಲು ನನಗೆ ಆಗಿರಲಿಲ್ಲ.

ಹಿಡಿಸದ ವಿಷಯಗಳೂ ಇವೆ. ಸ್ಕ್ರೇಪಿ ತಾನಾಗಿ ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವುದಿಲ್ಲ. ಬೆಲೆ ತಡವಾಗಿ ತುಂಬಿಕೊಳ್ಳುವ ಪುಟಗಳಿಗೆ ಬ್ರೌಸರ್ ಓಡಿಸುವ ಪ್ಲೇರೈಟ್ ಎಂಬ ಸಾಧನ ಜೋಡಿಸಬೇಕು, ಆಗ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಫೈಲ್‌ಗೆ ಬರೆಯುವ ಆದೇಶದಲ್ಲಿ ಇಂಗ್ಲಿಷಿನ ಸಣ್ಣ ‘ಓ’ (-o) ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದೆ, ದೊಡ್ಡ ‘ಓ’ (-O) ಹಾಕಿದರೆ ಹಳೆಯದು ಅಳಿಯುತ್ತದೆ. ಇದು ಗೊತ್ತಿಲ್ಲದೆ ಹೋದ ವಾರದ ಬೆಲೆಗೆ ನಾನು ಪುಸ್ತಕ ಮಾರಿದ್ದೂ ಇದೆ.

ಏನು ಎಳೆಯಬಹುದು ಅನ್ನುವುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ಹೊಸ ಪ್ರಾಜೆಕ್ಟ್‌ನಲ್ಲಿ ರೋಬೋಟ್ಸ್ ಫೈಲ್ (ಯಾವ ಪುಟಗಳಿಗೆ ಬರಬಾರದು ಅಂತ ತಾಣ ಬರೆದಿಡುವ ಫೈಲ್) ಪಾಲಿಸುವ ಸೆಟ್ಟಿಂಗ್ ಆನ್ ಇರುತ್ತದೆ, ದಯವಿಟ್ಟು ಆಫ್ ಮಾಡಬೇಡಿ. ತಾಣದ ನಿಯಮಗಳನ್ನೂ ಓದಿ. ಬೇಡ ಅಂತ ಬರೆದಿದ್ದ ಎರಡು ತಾಣಗಳನ್ನು ನಾನು ಕೈಬಿಟ್ಟೆ. ವಿಮರ್ಶೆ ಬರೆದವರ ಹೆಸರು, ಮಾರುವವರ ಫೋನ್ ನಂಬರ್ ನನಗೆ ಬೇಕಿಲ್ಲ, ಹೆಸರು, ಬೆಲೆ, ಸ್ಟಾಕ್ ಸಾಕು. ಒಂದಿಬ್ಬರು ಸಣ್ಣ ಪ್ರಕಾಶಕರಿಗೆ ಸುಮ್ನೆ ಮೇಲ್ ಹಾಕಿ ಕೇಳಿದೆ, ಅವರೇ ಈಗ ತಿಂಗಳಿಗೊಮ್ಮೆ ಪಟ್ಟಿ ಕಳಿಸುತ್ತಾರೆ. ಕೇಳಿದರೆ ಸಿಗುವುದನ್ನು ಎಳೆಯುವುದೇಕೆ, ಅಲ್ವಾ?

ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳನ್ನು ಇವತ್ತಿಗೂ ಕಣ್ಣಿನಲ್ಲೇ ಹೊಂದಿಸುತ್ತಿದ್ದೇನೆ. ಒಬ್ಬರು ಕಾವ್ಯನಾಮ ಹಾಕಿರುತ್ತಾರೆ, ಇನ್ನೊಬ್ಬರು ಪೂರ್ತಿ ಹೆಸರು, ಮತ್ತೊಬ್ಬರು ಇಂಗ್ಲಿಷ್ ಲಿಪಿ. ಕನ್ನಡ ಹೆಸರುಗಳನ್ನು ಹೀಗೆ ಜೋಡಿಸುವ ಕೋಡ್ ಯಾರಾದರೂ ಬರೆದಿದ್ದರೆ ದಯವಿಟ್ಟು ಹಂಚಿಕೊಳ್ಳಿ, ನನ್ನ ಪೈಪ್‌ಲೈನ್ ಕೋಡ್ ಕೊಡಲು ನಾನು ಸಿದ್ಧ.