ಹಳೆಯ ಕಾರಿನ ಕ್ಯಾಟ್‌ಕಾನ್ ತೆಗೆಸುವ ಮುನ್ನ ದಯವಿಟ್ಟು ಓದಿ

"ಇದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಸರ್. ತೆಗೆದುಬಿಡೋಣ, ಪಿಕಪ್ ಚೆನ್ನಾಗಿ ಬರುತ್ತದೆ."

ನಿಮ್ಮ ಮೆಕ್ಯಾನಿಕ್ ಕ್ಯಾಟ್‌ಕಾನ್ ಬಗ್ಗೆ, ಅಂದರೆ ಎಂಜಿನ್ನಿನ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯ ಬಗ್ಗೆ ಹೀಗೆ ಹೇಳಿದರೆ ಆ ಕ್ಷಣವೇ ಕಾರಿನ ಕೀಲಿ ವಾಪಸ್ಸು ಪಡೆದು ಮನೆಗೆ ಬನ್ನಿ. ನಾನು ಹಾಗೆ ಮಾಡಲಿಲ್ಲ. ಎರಡು ತಿಂಗಳ ನಂತರ ನನ್ನ ಎಪ್ಪತ್ತೊಂದು ವರ್ಷದ ತಾಯಿ ತುಮಕೂರು ರಸ್ತೆಯ ಬದಿಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದರು.

ನಮ್ಮದು 2009ರ ಜುಲೈನಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರು, ಹೊಗೆಯ ಬಿಎಸ್-3 ಮಾನದಂಡದ್ದು. ಅಪ್ಪ ನಿವೃತ್ತಿಯ ಹಣದಲ್ಲಿ ಕೊಂಡದ್ದು, ಅವರು ಹೋದ ಮೇಲೆ ಮಾರಲು ಮನಸ್ಸಾಗಿಲ್ಲ. 2023ರ ಕೊನೆಯಲ್ಲಿ ಸಿಗ್ನಲ್‌ಗಳಲ್ಲಿ ನಿಂತಾಗ ಎಂಜಿನ್ ಸಣ್ಣಗೆ ನಡುಗತೊಡಗಿತು. ಗ್ಯಾರೇಜಿನವರ ಭಾಷೆಯಲ್ಲಿ 'ಮಿಸ್ಸಿಂಗ್'. ಓಡುತ್ತಿದೆಯಲ್ಲ ಎಂದು ಸುಮ್ಮನಿದ್ದೆ. ಡಿಸೆಂಬರ್ ಹೊತ್ತಿಗೆ ಬೆಂಗಳೂರಿನ ಸಿರ್ಸಿ ವೃತ್ತದ ಮೇಲ್ಸೇತುವೆ ಏರಲು ಎರಡನೇ ಗೇರಿಗೆ ಇಳಿಯಬೇಕಾಯಿತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಯಾರೋ ಹಿಂದಿನಿಂದ ಹಿಡಿದು ಎಳೆದಂತಿತ್ತು.

ಮನೆಯ ಹತ್ತಿರದ ಗ್ಯಾರೇಜಿನವನು ಅರ್ಧ ಗಂಟೆ ನೋಡಿ, ಕ್ಯಾಟ್‌ಕಾನ್ ಕಟ್ಟಿಕೊಂಡಿದೆ ಎಂದ. ಕಂಪನಿಯದು ಹಾಕಿಸಿದರೆ ಮೂವತ್ತು ಸಾವಿರ ದಾಟುತ್ತದೆ, ಒಳಗಿನದನ್ನು ತೆಗೆದು ಡಬ್ಬಿಯನ್ನು ಮತ್ತೆ ಬೆಸುಗೆ ಹಾಕಿದರೆ 2,800 ರೂಪಾಯಿ ಎಂದ. ಕಟ್ಟಿಕೊಂಡಿದೆ ಎಂದದ್ದು ಸುಳ್ಳಲ್ಲ. ಆದರೆ ಅದು ಏಕೆ ಕಟ್ಟಿಕೊಂಡಿತು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಜೆ ಕಾರು ತಂದಾಗ ನಿಜಕ್ಕೂ ಚುರುಕಾಗಿತ್ತು. ಜನ ಮೋಸ ಹೋಗುವುದು ಇಲ್ಲಿಯೇ. ಪಿಕಪ್ ಬಂದದ್ದು ಕಟ್ಟಿಕೊಂಡಿದ್ದ ದಾರಿ ತೆರೆದದ್ದರಿಂದ, ಕ್ಯಾಟ್‌ಕಾನ್ ಇಲ್ಲದ್ದರಿಂದಲ್ಲ. ಹೊಸದನ್ನು ಹಾಕಿದ್ದರೂ ಅಷ್ಟೇ ಪಿಕಪ್ ಬರುತ್ತಿತ್ತು. ಚೆನ್ನಾಗಿರುವ ಕ್ಯಾಟ್‌ಕಾನ್ ತೆಗೆಸಿದರೆ ನಮ್ಮಂತಹ ಸಣ್ಣ ಕಾರಿಗೆ ಗಮನಕ್ಕೆ ಬರುವಷ್ಟು ಲಾಭವೇನೂ ಇಲ್ಲ.

ಫೆಬ್ರವರಿಯಲ್ಲಿ ಅಮ್ಮನನ್ನು ತುಮಕೂರಿಗೆ ಕರೆದುಕೊಂಡು ಹೊರಟೆ. ಗೊರಗುಂಟೆಪಾಳ್ಯದಲ್ಲಿ ಎಂದಿನ ವಾಹನ ದಟ್ಟಣೆ, ಗಾಜು ಏರಿಸಿ ಎಸಿ ಹಾಕಿಕೊಂಡು ನಲವತ್ತು ನಿಮಿಷ ತೆವಳಿದೆವು. ನೆಲಮಂಗಲ ಬರುವ ಮೊದಲೇ ಅಮ್ಮ "ತಲೆ ಸಿಡಿಯುತ್ತಿದೆ, ವಾಂತಿ ಬರುವ ಹಾಗಿದೆ, ನಿಲ್ಲಿಸಪ್ಪ" ಎಂದರು. ಆಗಷ್ಟೇ ನನ್ನ ತಲೆಯೂ ಭಾರವಾಗಿರುವುದು ಗಮನಕ್ಕೆ ಬಂತು. ಕಾರಿನೊಳಗೆ ಹಸಿ ಪೆಟ್ರೋಲಿನಂತಹ ವಾಸನೆಯಿತ್ತು. ಇಳಿದು ಗಾಳಿಗೆ ಕುಳಿತ ಮೇಲೆ ಅರ್ಧ ಗಂಟೆಯಲ್ಲಿ ಅಮ್ಮ ಸುಧಾರಿಸಿಕೊಂಡರು. ನಾಲ್ಕೂ ಗಾಜು ಇಳಿಸಿಕೊಂಡು ನಿಧಾನವಾಗಿ ವಾಪಸ್ಸು ಬಂದೆವು.

ಮರುದಿನ ಗೆಳೆಯನೊಬ್ಬ ತನಗೆ ಗೊತ್ತಿದ್ದ ಹಿರಿಯ ಮೆಕ್ಯಾನಿಕ್ ಬಳಿ ಕರೆದೊಯ್ದ. ಅವರು ಕಾರನ್ನು ಮೇಲೆತ್ತಿ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಖಾಲಿ ಬಿಂದಿಗೆಯ ಸದ್ದು ಬಂತು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳು, ಪೈಪು ಕೂಡುವ ಕಡೆ ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರಿಂದ ಅಲ್ಲಿ ಕಪ್ಪು ಮಸಿ. ಹೊಗೆ ಅಲ್ಲಿಂದ ಸೋರಿ ಕಾರಿನ ತಳದ ಹಳೆಯ ಸಂದುಗಳಿಂದ ಒಳಗೆ ಬರುತ್ತಿತ್ತು.

ಸೋರಿಕೆ ಯಾವ ಹಳೆಯ ಕಾರಿನಲ್ಲಾದರೂ ಆಗಬಹುದು. ಆದರೆ ಸೋರುವ ಹೊಗೆ ಎಂಥದ್ದು ಎಂಬುದೇ ಮುಖ್ಯ. ಆ ಡಬ್ಬಿಯೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ಕೊಳವೆಗಳಿರುವ ಸೆರಾಮಿಕ್ ಇಟ್ಟಿಗೆಯಿರುತ್ತದೆ. ಅದಕ್ಕೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪನ. ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಉರಿಯದೆ ಉಳಿದ ಪೆಟ್ರೋಲ್ ಅಲ್ಲಿ ಉರಿಯುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಬರೀ ನೈಟ್ರೋಜನ್ ಆಗುತ್ತವೆ. ಅದು ಇಲ್ಲದಿದ್ದರೆ ಎಂಜಿನ್ ಉಗುಳಿದ್ದೆಲ್ಲ ಹಾಗೆಯೇ ಹೊರಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಮೂಗಿಗೆ ಬಡಿದದ್ದು ಅದರ ಜೊತೆಗಿದ್ದ ಉರಿಯದ ಪೆಟ್ರೋಲಿನ ವಾಸನೆ. ಅದಾದರೂ ಬಂತಲ್ಲ ಎಂದು ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.

ಇನ್ನು ಕ್ಯಾಟ್‌ಕಾನ್ ಕೆಟ್ಟ ಕಾರಣ. ಹಿರಿಯರು ಪ್ಲಗ್‌ಗಳನ್ನು ಬಿಚ್ಚಿ ತೋರಿಸಿದರು, ಒಂದು ಮಾತ್ರ ಒದ್ದೆಯಾಗಿ ಕಪ್ಪಾಗಿತ್ತು. ಆ ಸಿಲಿಂಡರಿನ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಸೋತಿತ್ತು. ಅಲ್ಲಿ ಕಿಡಿ ಹತ್ತದಿದ್ದಾಗ ಪೆಟ್ರೋಲ್ ಉರಿಯದೆ ಹಾಗೆಯೇ ಕ್ಯಾಟ್‌ಕಾನ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಶಾಖ ಮಿತಿಮೀರಿ ಜೇನುಗೂಡು ಕರಗಿ ಮುದ್ದೆಯಾಗುತ್ತದೆ. ನಾನು ತಿಂಗಳುಗಟ್ಟಲೆ ಕಡೆಗಣಿಸಿದ ಆ ನಡುಕ ಇದೇ. ಕಾಯಿಲ್ ಮತ್ತು ಪ್ಲಗ್‌ಗಳಿಗೆ ಆದ ಖರ್ಚು 3,200 ರೂಪಾಯಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ, ಕೂಲೆಂಟ್ ಒಳಗೆ ಸೋರುತ್ತಿದ್ದರೂ ಕ್ಯಾಟ್‌ಕಾನ್ ಹಾಳಾಗುತ್ತದಂತೆ. ಕಾರಣ ಸರಿಪಡಿಸದೆ ಹೊಸದು ಹಾಕಿದ್ದರೆ ಅದೂ ಹೋಗುತ್ತಿತ್ತು.

ಒಳಗಿನ ಜೇನುಗೂಡನ್ನು ಕೇಳಲು ಹಳೆಯ ಗ್ಯಾರೇಜಿಗೆ ಹೋದೆ. "ಅದು ಕಸ ಸರ್, ಆವತ್ತೇ ಎಸೆದೆವು" ಎಂದ. ಕಸವಲ್ಲ ಅದು. ಒಡೆದ ಪುಡಿಗೂ ಗುಜರಿಯಲ್ಲಿ ಬೆಲೆಯಿದೆ, ಏಕೆಂದರೆ ಅದರಲ್ಲಿರುವ ಲೋಹ ಎಲ್ಲಿಗೂ ಹೋಗಿರುವುದಿಲ್ಲ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಗುಜರಾತಿನಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್‌ಗಳನ್ನು ಕಳ್ಳರು ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗುತ್ತಿದ್ದುದು ಈ ಪುಡಿಗಾಗಿಯೇ. ನನ್ನ ಕೈಯಿಂದ 2,800 ಪಡೆದು, ನನ್ನದೇ ವಸ್ತುವನ್ನೂ ಅವನು ಇಟ್ಟುಕೊಂಡ. ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ಕೈಗೆ ಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿ.

ಏಪ್ರಿಲ್‌ನಲ್ಲಿ ಎಮಿಷನ್ ಟೆಸ್ಟ್. ಬೆಸುಗೆಯನ್ನು ಸರಿಪಡಿಸಿ, ಕಾಯಿಲ್ ಹಾಕಿಸಿ ಆಗಿದ್ದರೂ ಕಾರ್ಬನ್ ಮೊನಾಕ್ಸೈಡ್ ಶೇ 1.4 ಬಂತು. ನಮ್ಮ ಕಾರಿಗೆ ಮಿತಿ ಶೇ 0.5. ಟೆಸ್ಟ್ ಮಾಡುವ ಹುಡುಗ ದನಿ ತಗ್ಗಿಸಿ, ಬೇರೆ ಕಾರಿಗೆ ಪೈಪು ಹಾಕಿ ನಮ್ಮ ನಂಬರಿಗೆ ಸರ್ಟಿಫಿಕೇಟ್ ಕೊಡುತ್ತೇನೆ, ಮುನ್ನೂರು ಹೆಚ್ಚಿಗೆ ಕೊಡಿ ಎಂದ. ರಸ್ತೆ ಬದಿಯಲ್ಲಿ ಕುಳಿತಿದ್ದ ಅಮ್ಮನ ಮುಖ ಕಣ್ಣ ಮುಂದೆ ಬಂತು. ಬೇಡ ಎಂದು ಬಂದೆ. ನಮ್ಮ ಕಾರಿನ ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ನಿಲ್ಲುವವರೂ ಇದೇ ಊರಿನವರಲ್ಲವೇ?

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ತಯಾರಕರು ಮಾಡಿದ ರೀತಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ 190(2)ನೇ ಕಲಂ ಪ್ರಕಾರ ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗಂತೂ ಜುಲೈನಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ಕಾರು ನಿಲ್ಲಿಸಬೇಕಿತ್ತು.

ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ 6,500ಕ್ಕೆ ಒಂದು ಕ್ಯಾಟ್‌ಕಾನ್ ಸಿಕ್ಕಿತು, ಮೇಲೆ ಭಾಗದ ಸಂಖ್ಯೆಯಾಗಲಿ ತಯಾರಕರ ಗುರುತಾಗಲಿ ಇರಲಿಲ್ಲ. ಲೇಪನ ಎಷ್ಟಿದೆಯೋ ಯಾರಿಗೆ ಗೊತ್ತು ಎಂದು ಹಿರಿಯರು ಬೇಡವೆಂದರು. ಕಂಪನಿಯದನ್ನೇ ತರಿಸಿದೆ. ಮೂರು ವಾರ ಕಾಯಿಸಿ ಬಂತು, 31,400 ರೂಪಾಯಿ.

ಹಳೆಯ ಕಾರು ಕೊಳ್ಳಲು ಹೊರಟವರು ಒಮ್ಮೆ ಅದರ ಹೊಟ್ಟೆಯಡಿ ಬಗ್ಗಿ ನೋಡಿ. ಡಬ್ಬಿಯ ಸುತ್ತ ಹೊಸ ಬೆಸುಗೆಯ ಗೆರೆಯಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅಥವಾ ಒಳಗೆ ಕಲ್ಲು ಅಲ್ಲಾಡಿದಂತೆ ಕೇಳಿಸಿದರೆ ಮುಂದೆ ಮಾತಾಡಬೇಡಿ. ನಮ್ಮ ಊರಿನ ಹಂಪ್‌ಗಳಿಗೆ ತಳ ಬಡಿದು ಜೇನುಗೂಡು ಒಡೆದಿರುವ ಕಾರುಗಳೂ ಇವೆ. ಡ್ಯಾಶ್‌ಬೋರ್ಡಿನ 'ಚೆಕ್ ಎಂಜಿನ್' ದೀಪ ಹತ್ತಿಲ್ಲ ಎಂಬುದನ್ನು ನಂಬಬೇಡಿ. ಹೊಸ ಕಾರುಗಳಲ್ಲಿ ಕ್ಯಾಟ್‌ಕಾನ್‌ನ ಹಿಂದೆ ಇನ್ನೊಂದು ಆಕ್ಸಿಜನ್ ಸೆನ್ಸರ್ ಇದ್ದು ಪಿ0420 ಎಂಬ ದೋಷ ತೋರಿಸುತ್ತದೆ. ನಮ್ಮ ಕಾರಿನಲ್ಲಿ ಆ ಸೆನ್ಸರ್ ಇಲ್ಲ, ದೀಪ ಒಮ್ಮೆಯೂ ಹತ್ತಲಿಲ್ಲ. ಸೆನ್ಸರ್ ಇರುವ ಕಾರುಗಳಲ್ಲೂ ಅದನ್ನು ಒಂದು ತುಂಡು ಲೋಹದಿಂದ ಹಿಂದಕ್ಕೆ ಸರಿಸಿ ವಂಚಿಸುವವರಿದ್ದಾರೆ. ಕಟ್ಟಿಕೊಂಡಿದೆ ಎಂದು ಯಾರಾದರೂ ಹೇಳಿದರೆ, ಕ್ಯಾಟ್‌ಕಾನ್‌ನ ಮುಂದಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ ಹೊಗೆಯ ಒತ್ತಡ ತೋರಿಸಿ ಎನ್ನಿ. ಹತ್ತು ನಿಮಿಷದ ಕೆಲಸವದು.

ಜೂನ್ ಕೊನೆಯಲ್ಲಿ ಮತ್ತೆ ಟೆಸ್ಟ್ ಮಾಡಿಸಿದೆ, ಶೇ 0.06. ಆರ್‌ಸಿ ಐದು ವರ್ಷಕ್ಕೆ ನವೀಕರಣವಾಯಿತು. ಬಿಚ್ಚಿದ ಖಾಲಿ ಡಬ್ಬಿಯನ್ನು ಈ ಸಲ ಕೇಳಿ ಪಡೆದುಕೊಂಡಿದ್ದೇನೆ. ತೆಗೆಸಿದರೆ ಏನಾಗುತ್ತದೆ ಎಂದು ಕೇಳಿಕೊಂಡು ಬರುವ ಅಕ್ಕಪಕ್ಕದವರಿಗೆ ಅದರೊಳಗೆ ಟಾರ್ಚ್ ಬಿಟ್ಟು ತೋರಿಸುತ್ತೇನೆ.