ತುಮಕೂರಿನ ಮಕ್ಕಳ ರಾಗಸಂಯೋಜನೆ ಶಿಬಿರ ಹೇಗಿದೆ?

ಬೇಸಿಗೆ ರಜೆಯ ಈ ಶಿಬಿರದಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಅದೇ ಇದರ ದೊಡ್ಡ ಗುಣ.

ನಾಲ್ವರಿಗೊಂದು ಗುಂಪು. ಎಲ್ಲರೂ ರಚಿಸಬೇಕಾದದ್ದು ಮೋಹನ ರಾಗ, ಎಂಟೆಣಿಕೆಯ ಆದಿತಾಳದಲ್ಲಿ ಎರಡಾವರ್ತದ (ತಾಳದ ಎರಡು ಸುತ್ತಿನ) ಪಲ್ಲವಿ. ಮೋಹನಕ್ಕೆ ಐದೇ ಸ್ವರಗಳಾದ್ದರಿಂದ ಹೊಸಬರಿಗೂ ಧೈರ್ಯ ಬರುತ್ತದೆ. ತಮ್ಮ ರಚನೆಯನ್ನು ತಾವೇ ಹಾಡುವಂತಿಲ್ಲ. ಸ್ವರಲಿಪಿ ನೋಡಿ ಪಕ್ಕದವರು ಹಾಡಬೇಕು. ಅವರು ತಡವರಿಸಿದಲ್ಲೇ ದೋಷ ಸಿಗುತ್ತದೆ. ಎಣಿಕೆಗೆ ನಾಲ್ಕರಂತೆ ಆವರ್ತಕ್ಕೆ 32 ಮಾತ್ರೆ. ಅದರಲ್ಲಿ ಮಾತು ತುರುಕಿದರೆ ದೀರ್ಘಾಕ್ಷರ ಮೊಟಕಾಗಿ ‘ಕಾಡು’ ಹೋಗಿ ‘ಕಡು’ ಆಗುತ್ತದೆ. ಆಮೇಲೆ ಕೇಳಿದವರು ಮನಸ್ಸಲ್ಲಿ ಉಳಿದ ಸಾಲನ್ನು ಹಾಡಿ ತೋರಿಸಿ, ಉಸಿರು ಸಾಲದ ಜಾಗ ಹೇಳಬೇಕು. ಬರೀ ‘ಚೆನ್ನಾಗಿದೆ’ ಎಂದರೆ ಒಪ್ಪುವುದಿಲ್ಲ. ಇನ್ನೊಬ್ಬರ ಹಾಡನ್ನು ಬಾಯಲ್ಲಿಟ್ಟುಕೊಂಡವರು ಅದನ್ನು ಹೀಗಳೆಯುವುದಿಲ್ಲ. ಸಂಕೋಚದ ಮಕ್ಕಳೂ ಬೇಗ ಬಾಯಿಬಿಡುತ್ತಾರೆ.

ಕೊರತೆ ಶ್ರುತಿಯದು. ಎಲ್ಲರಿಗೂ ಐದು ಕಟ್ಟೆ (ಎತ್ತರದ ಶ್ರುತಿ) ಇಟ್ಟರೆ ಧ್ವನಿ ಒಡೆಯುತ್ತಿರುವ ಹದಿಮೂರು-ಹದಿನಾಲ್ಕರ ಹುಡುಗರಿಗೆ ತಾರಸ್ಥಾಯಿಯ ಮೇಲಿನ ಸ್ವರ ಎಟುಕದು, ಅವರು ಸುಮ್ಮನಾಗಿಬಿಡುತ್ತಾರೆ. ಒಂದು ಕಟ್ಟೆಯ (ತಗ್ಗಿನ ಶ್ರುತಿಯ) ಪ್ರತ್ಯೇಕ ಗುಂಪು ಬೇಕೇ ಬೇಕು. ಸಭಾಂಗಣದ ಫ್ಯಾನ್ ಸದ್ದಿಗೆ ತಂಬೂರಿ ಕೇಳಿಸದು. ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ.

ಮಕ್ಕಳನ್ನು ಸೇರಿಸುವವರು ಜಂಟೆವರಸೆ, ಅಲಂಕಾರ ಎಂಬ ಆರಂಭದ ಸಂಗೀತ ಪಾಠಗಳು ಮುಗಿದ ಮೇಲೆ ಕಳಿಸಿ. ತಾಳ ಹಾಕಲು ಬಾರದಿದ್ದರೆ ಬರೆಯುವುದು ಕಷ್ಟ.